ಮೂರು ದಾಳ, 162 ಪಂದ್ಯ

ನಮ್ಮ ಕಾಲದಲ್ಲಿ ಬುಕ್ ಕ್ರಿಕೆಟ್ ಆಡದೆ ಹೈಸ್ಕೂಲು ಮುಗಿಸಿದವರು ಕಡಿಮೆ. ಹಾಸನದಲ್ಲಿ ನಮ್ಮದು ಕೊನೇ ಬೆಂಚು. ಸಮಾಜದ ಪುಸ್ತಕ ಫಟ್ಟನೆ ತೆರೆದರೆ ಪುಟದ ಕೊನೆಯಂಕಿಯೇ ರನ್ನು, ಸೊನ್ನೆ ಬಂದರೆ ಔಟು. ಆ ಆಟದಲ್ಲೊಂದು ಅನ್ಯಾಯವಿತ್ತು. ಟೆಸ್ಟ್‌ನಲ್ಲಿ 242 ವಿಕೆಟ್ ಕಿತ್ತು ಬರೀ 167 ರನ್ ಮಾಡಿದ ನಮ್ಮ ಚಂದ್ರಶೇಖರ್ ಪುಸ್ತಕದೊಳಗೆ ಗಾವಸ್ಕರ್‌ಗೆ ಸಮಸಮ ಶತಕ ಬಾರಿಸುತ್ತಿದ್ದರು!

ಅದಕ್ಕೆ ಪರಿಹಾರ ಸಿಕ್ಕಿದ್ದು 1994ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಆಗಸ್ಟ್ 12ರಿಂದ ಬೇಸ್‌ಬಾಲ್ ಆಟಗಾರರ ಮುಷ್ಕರ; ಆ ವರ್ಷ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಆಟದ ರುಚಿ ಹತ್ತಿ ಎರಡೇ ವರ್ಷವಾಗಿತ್ತು, ಸಂಜೆಯಾದರೆ ಕೈಕಾಲು ಆಡುತ್ತಿರಲಿಲ್ಲ. ಆಫೀಸಿನ ಹಿರಿಯರೊಬ್ಬರು ಮನೆಗೆ ಕರೆದು ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿದರು. ಸ್ಟ್ರಾಟ್-ಒ-ಮ್ಯಾಟಿಕ್, ದಾಳ ಮತ್ತು ಕಾರ್ಡಿನಲ್ಲಿ ಆಡುವ ಬೇಸ್‌ಬಾಲ್. ಆಮೇಲೆ ಸೀಸನ್ನಿಗೆ 162 ಪಂದ್ಯ ಆಡುವ ಅವರ ಲೀಗಿಗೂ ಸೇರಿದೆ. ಮೂವತ್ತು ವರ್ಷದಲ್ಲಿ ತಲೆಗೆ ಹತ್ತಿದ್ದು ಇಷ್ಟು.

1. ಗರ ಎಲ್ಲರಿಗೂ ಒಂದೇ, ಕಾರ್ಡು ಬೇರೆ ಬೇರೆ.

ಹ್ಯಾಲ್ ರಿಚ್ಮನ್ ಎಂಬವರು 1961ರಲ್ಲಿ ಮಾರಾಟಕ್ಕೆ ತಂದ ಆಟ ಇದು. ಪ್ರತಿ ಆಟಗಾರನಿಗೂ ಅವನ ಒಂದು ವರ್ಷದ ಆಟವನ್ನೇ ಲೆಕ್ಕಹಾಕಿ ಮಾಡಿದ ಒಂದು ಕಾರ್ಡು. ಬಿಳಿ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು. 4, 5, 6 ಬಿದ್ದರೆ ಪಿಚರ್‌ನದು. ಉಳಿದೆರಡು ದಾಳ ಕೂಡಿಸಿದಾಗ ಬರುವ ಸಾಲಿನಲ್ಲಿ ಏನಿದೆಯೋ ಅದೇ ಫಲ. 7 ಬೀಳುವುದು 36ಕ್ಕೆ ಆರು ಸಲ, 12 ಬೀಳುವುದು ಒಂದೇ ಸಲ. ಹಾಗಾಗಿ ಹೋಮ್ ರನ್ 7ರ ಸಾಲಿನಲ್ಲಿದ್ದವನೇ ಬೇರೆ, 12ರ ಸಾಲಿನಲ್ಲಿದ್ದವನೇ ಬೇರೆ. ಮೂರು ದಾಳ ಸೇರಿ 216 ಬಗೆ. ಅದರಲ್ಲಿ 108 ಬ್ಯಾಟರ್‌ನ ಕೈಯಲ್ಲಿ, 108 ಪಿಚರ್‌ನ ಕೈಯಲ್ಲಿ. ಚೌಕಾಬಾರ ಆಡುವಾಗ ನಮ್ಮಜ್ಜಿ ಕವಡೆಗೆ ಬೈಯುತ್ತಿದ್ದರು. ಇಲ್ಲಿ ಬೈಯಬೇಕಾದದ್ದು ಆ ಕಾರ್ಡು ಆರಿಸಿಕೊಂಡ ನಮ್ಮನ್ನೇ.

2. ಸರಾಸರಿಗೆ ಮರುಳಾಗಬೇಡಿ.

ಲೀಗಿನ ಮೊದಲ ಡ್ರಾಫ್ಟ್‌ನಲ್ಲಿ, ಅಂದರೆ ಆಟಗಾರರ ಕಾರ್ಡು ಆರಿಸಿಕೊಳ್ಳುವಾಗ, ನನ್ನೊಳಗಿನ ಕ್ರಿಕೆಟಿಗ ಕೈಕೊಟ್ಟ. ಬ್ಯಾಟಿಂಗ್ ಸರಾಸರಿ ದೊಡ್ಡದಿದ್ದವರನ್ನೇ ಹುಡುಕಿ ಆರಿಸಿಕೊಂಡೆ. ಪಿಚರ್ ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್ ಬ್ಯಾಟೇ ಬೀಸದೆ ಮೊದಲ ಬೇಸಿಗೆ ನಡೆದುಹೋಗುತ್ತಾನೆ, ಅದು ವಾಕ್. ಸರಾಸರಿಯಲ್ಲಿ ಅದಕ್ಕೆ ಲೆಕ್ಕವೇ ಇಲ್ಲ. ನನ್ನವರೆಲ್ಲ ಸಿಕ್ಕಿದ್ದಕ್ಕೆಲ್ಲ ಬೀಸುವ ಆತುರಗಾರರು. ತಂಡ ಕೊನೇ ಸ್ಥಾನದಲ್ಲಿ ಬಂದು ಕೂತಿತು. 1992ರ ತನಕ ನಮ್ಮ ಪಿಟ್ಸ್‌ಬರ್ಗಿನ ಪೈರೇಟ್ಸ್ ತಂಡದಲ್ಲೇ ಇದ್ದ ಬ್ಯಾರಿ ಬಾಂಡ್ಸ್ 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಆಡುತ್ತ 232 ವಾಕ್ ಪಡೆದ. ನೂರು ಸಲ ನಿಂತರೆ ಸುಮಾರು 61 ಸಲ ಬೇಸ್ ಮೇಲೆ! ಆ ಕಾರ್ಡು ಕೈಯಲ್ಲಿ ಹಿಡಿದರೆ ಎದುರಿನ ಮ್ಯಾನೇಜರನ ಮುಖ ನೋಡಬೇಕು.

3. ಒಳಮೈದಾನದ ನಡುವೆ ಒಳ್ಳೆಯ ಕೈಗಳಿರಲಿ.

ಫೀಲ್ಡಿಂಗ್‌ಗೂ ಕಾರ್ಡಿನಲ್ಲಿ ಅಂಕಿಯುಂಟು. 1 ಅಂದರೆ ಉತ್ತಮ, 5 ಅಂದರೆ ದೇವರೇ ಗತಿ. ಚೆಂಡು ಹೆಚ್ಚಾಗಿ ಹುಡುಕಿಕೊಂಡು ಬರುವುದು ಶಾರ್ಟ್‌ಸ್ಟಾಪ್ ಮತ್ತು ಸೆಕೆಂಡ್ ಬೇಸ್‌ನವರನ್ನು. ಪಿಟ್ಸ್‌ಬರ್ಗ್‌ನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೆಕೆಂಡ್ ಬೇಸ್‌ನಲ್ಲಿ ನಿಂತು 1,706 ಡಬಲ್ ಪ್ಲೇಗಳಲ್ಲಿ, ಅಂದರೆ ಒಂದೇ ಚೆಂಡಿಗೆ ಇಬ್ಬರು ಔಟಾಗುವ ಆಟಗಳಲ್ಲಿ, ಪಾಲುಗೊಂಡ ಬಿಲ್ ಮ್ಯಾಜರಾಸ್ಕಿ ಆಡಿದ ಊರಿದು.

4. ಎದುರಾಳಿ ಎದುರಿಲ್ಲದಾಗಲೇ ಆಟ ಕಷ್ಟ.

ಲೀಗಿನವರೆಲ್ಲ ಒಂದೇ ಊರಲ್ಲಿರುವುದಿಲ್ಲ. ಅತಿಥಿ ತಂಡದವ ತನ್ನ ಸೂಚನೆಗಳನ್ನು ಹಾಳೆಯಲ್ಲಿ ಬರೆದು ಕಳಿಸುತ್ತಾನೆ. ಆತಿಥೇಯ ಎರಡೂ ಕಡೆಯ ದಾಳವನ್ನು ತಾನೇ ಉರುಳಿಸುತ್ತಾನೆ. ಊಟದ ಮೇಜು, ರಾತ್ರಿ ಹನ್ನೊಂದು, ನೋಡುವವರು ಯಾರೂ ಇಲ್ಲ. ಒಂದು ಸಲ ಒಂಬತ್ತನೇ ಇನಿಂಗ್ಸಿನಲ್ಲಿ ನಾನು ಒಂದು ರನ್ ಹಿಂದೆ, ಇಬ್ಬರು ಔಟು, ಇಬ್ಬರು ಬೇಸ್ ಮೇಲೆ. ದಾಳ ಥರ್ಡ್ ಬೇಸ್‌ನವನ ಕಡೆ ಕೈತೋರಿತು. ಅವನ ಅಂಕಿ 4. ಚೆಂಡು ಬಿಟ್ಟ, ಎರಡು ರನ್, ನಾನು ಗೆದ್ದೆ. ಕಾಫಿ ಕುಡಿದು ಬಂದು ಹಾಳೆ ಮಡಚುವಾಗ ಕಣ್ಣಿಗೆ ಬಿತ್ತು ಕೊನೇ ಸಾಲು: ಏಳನೇ ಇನಿಂಗ್ಸ್ ಮುಗಿದಾಗ ಮುಂದಿದ್ದರೆ ಥರ್ಡ್ ಬೇಸ್‌ನವನನ್ನು ಬದಲಿಸಿ.

ಬದಲಿ ಆಟಗಾರನ ಅಂಕಿ 1.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದನ್ನು ಒಂದೆರಡು ಸಲ ಯೋಚಿಸಿದ್ದು ನಿಜ. ಬೆಳಿಗ್ಗೆ ಎದುರಾಳಿಗೆ ಬರೆದು ತಿಳಿಸಿದೆ. ಎಂಟನೇ ಇನಿಂಗ್ಸಿನಿಂದ ಮತ್ತೆ ಆಡಿ ಅಂದರು. ಆಡಿದೆ, ಸೋತೆ. ಅಂದಿನಿಂದ ಎದುರಾಳಿಯ ಹಾಳೆಯನ್ನು ದಾಳದ ಬಟ್ಟಲಿನ ಮೇಲೇ ಮುಚ್ಚಿಡುತ್ತೇನೆ. ಅದನ್ನು ಎತ್ತಿದರೇ ದಾಳ ಕೈಗೆ ಸಿಗುವುದು.

5. ಸ್ಕೋರು ಕೈಯಲ್ಲೇ ಬರೆಯಿರಿ.

ಸ್ಟ್ರೈಕ್‌ಔಟ್‌ಗೆ ಇಂಗ್ಲಿಷಿನ ‘ಕೆ’. ಕೊನೇ ಎಸೆತಕ್ಕೆ ಬ್ಯಾಟು ಬೀಸದೆ ಔಟಾದರೆ ‘ಕೆ’ಯನ್ನು ಹಿಂದುಮುಂದಾಗಿ ತಿರುಗಿಸಿ ಬರೆಯಬೇಕು. 6-4-3 ಅಂದರೆ ಶಾರ್ಟ್‌ಸ್ಟಾಪ್‌ನಿಂದ ಸೆಕೆಂಡ್, ಅಲ್ಲಿಂದ ಫಸ್ಟ್ ಬೇಸಿಗೆ ಹೋದ ಡಬಲ್ ಪ್ಲೇ. ಕಂಪ್ಯೂಟರು ಇದನ್ನೆಲ್ಲ ಕ್ಷಣದಲ್ಲಿ ಮಾಡೀತು, ಆದರೆ ಹತ್ತು ವರ್ಷದ ಹಿಂದಿನ ಪಂದ್ಯ ನನ್ನ ಲಾಂಗ್ ನೋಟ್‌ಬುಕ್ಕಿನಲ್ಲಿ ಸಾಂಬಾರಿನ ಕಲೆಯ ಸಮೇತ ಸಿಗುತ್ತದೆ.

6. ಸೋಲುವ ತಂಡವನ್ನು ನಡುನೀರಲ್ಲಿ ಬಿಡಬೇಡಿ.

ಲೀಗುಗಳು ಜಗಳದಿಂದ ಸಾಯುವುದು ಅಪರೂಪ. ಕೊನೇ ಸ್ಥಾನದವ ಜುಲೈ ಹೊತ್ತಿಗೆ ಬೇಸತ್ತು ಫಲಿತಾಂಶ ಕಳಿಸುವುದನ್ನು ನಿಲ್ಲಿಸುತ್ತಾನೆ. ಅವನೊಂದಿಗೆ ಪಂದ್ಯ ಬಾಕಿಯಿರುವ ಎಲ್ಲರ ವೇಳಾಪಟ್ಟಿಯೂ ನಿಲ್ಲುತ್ತದೆ. ಮೊದಲ ಸ್ಥಾನದವ ಆಡುವುದರಲ್ಲಿ ಏನು ದೊಡ್ಡಸ್ತಿಕೆ? ಸೋಲನ್ನು ಸಹಿಸುವುದು ಈ ಊರಲ್ಲಿ ಸುಲಭವಾಗಿ ಕಲಿಯಬಹುದಿತ್ತು. ಪೈರೇಟ್ಸ್ 1993ರಿಂದ 2012ರ ತನಕ ಸತತ 20 ಸೀಸನ್ ಗೆಲುವಿಗಿಂತ ಸೋಲೇ ಹೆಚ್ಚು ಕಂಡಿತು. ಆ ಇಪ್ಪತ್ತೂ ವರ್ಷ ನಾವು ನದಿಯ ದಡದ ಸ್ಟೇಡಿಯಮ್ಮಿಗೆ ಹೋಗಿ ಕೂಗಿ ಬಂದೆವು. 2013ರಲ್ಲಿ ತಂಡ ಪ್ಲೇಆಫ್ ಮುಟ್ಟಿದಾಗ ಪಕ್ಕದ ಸೀಟಿನ ಅಪರಿಚಿತ ಮುದುಕ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ.

ಸದ್ಯ ಲೀಗಿನ 12 ತಂಡಗಳಲ್ಲಿ ನನ್ನದು 11ನೆಯದು. ಭಾನುವಾರ ರಾತ್ರಿಯೊಳಗೆ ಆರು ಪಂದ್ಯ ಆಡಿ ಕಳಿಸಬೇಕು.