ಮುಂಬಯಿಯ ಪರ್ಮಿಟ್ ರೂಮು ಮತ್ತು ಐದು ರೂಪಾಯಿಯ ಚೀಟಿ

ಮುಂಬಯಿಯ ಹಳೆಯ ಬಾರ್‌ಗಳ ಫಲಕದಲ್ಲಿ ಹೆಸರಿನ ಕೆಳಗೆ ‘ಪರ್ಮಿಟ್ ರೂಮ್’ ಎಂದು ಬರೆದಿರುತ್ತದೆ. ಗೇಟ್‌ವೇ ನೋಡಿಕೊಂಡು ಕೊಲಾಬಾದ ಬೀದಿಗಳಿಗೆ ಬರುವ ಪ್ರವಾಸಿಗರಿಗೂ, ಡೊಂಬಿವಲಿಯ ಲೋಕಲ್ ಇಳಿದು ಮನೆಯ ದಾರಿ ಹಿಡಿಯುವ ನೌಕರರಿಗೂ ಪರಿಚಿತವಾದ ಜಾಗ ಇದು. ಒಳಗೆ ಮಂದ ಬೆಳಕು, ಸನ್‌ಮೈಕಾ ಹೊದಿಸಿದ ಮೇಜು, ಕುಳಿತ ಕೂಡಲೇ ಎದುರಿಗೆ ಬರುವ ಶೇಂಗಾ ಚಕ್ನಾ. ಗಲ್ಲೆಯಲ್ಲಿ ಕುಳಿತವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರಾಗಿರುವ ಸಂಭವ ಹೆಚ್ಚು. ಅವರ ಮಗ್ಗುಲಲ್ಲಿ ‘ಕರ್ನಾಟಕ ಮಲ್ಲ’ ಪತ್ರಿಕೆ ಮಡಚಿಟ್ಟಿರುವುದೂ ಉಂಟು.

ಈ ಕೋಣೆಗಳ ಬೇರು 1949ರ ಬಾಂಬೆ ಪಾನನಿರೋಧ ಕಾಯ್ದೆಯಲ್ಲಿದೆ. ಮೊರಾರ್ಜಿ ದೇಸಾಯಿಯವರ ಹಟ ಆ ಕಾಯ್ದೆಯ ಹಿಂದಿನ ಬಲ. 1951ರಲ್ಲಿ ಬಾಲ್ಸಾರಾ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮದ್ಯಸಾರವಿರುವ ಔಷಧ ಮತ್ತು ಪ್ರಸಾಧನ ವಸ್ತುಗಳ ಮೇಲಿನ ನಿರ್ಬಂಧವನ್ನು ಕಿತ್ತುಹಾಕಿತಾದರೂ ಕಾಯ್ದೆಯ ಬಹುಭಾಗವನ್ನು ಉಳಿಸಿತು. ಉಳ್ಳವರು ಆರೋಗ್ಯಕ್ಕಾಗಿ ಮದ್ಯ ಬೇಕೆಂದು ಪರವಾನಗಿ ಪಡೆದರು. ಇಲ್ಲದವರು ಬಾಂದ್ರಾ, ಮಾಹಿಮ್‌ನ ಗಲ್ಲಿಗಳಲ್ಲಿ ಕದ್ದು ಸಾರಾಯಿ ಮಾರುತ್ತಿದ್ದ ‘ಆಂಟಿ’ಯರ ಮನೆಯ ಹಿತ್ತಿಲ ಬಾಗಿಲು ತಟ್ಟಿದರು. 1960ರಲ್ಲಿ ರಾಜ್ಯ ಎರಡಾದಾಗ ಗುಜರಾತು ಪಾನನಿರೋಧವನ್ನು ಹಾಗೆಯೇ ಇಟ್ಟುಕೊಂಡಿತು, ಮಹಾರಾಷ್ಟ್ರ ಹಂತಹಂತವಾಗಿ ಸಡಿಲಿಸಿತು. ಆದರೆ ರದ್ದು ಮಾಡಲಿಲ್ಲ. ಅದೇ ಕಾಯ್ದೆ ಈಗ ಮಹಾರಾಷ್ಟ್ರದ ಹೆಸರಿನಲ್ಲಿ ಜಾರಿಯಲ್ಲಿದೆ, ಮತ್ತು ಅದರ ಪ್ರಕಾರ ಅಂಗಡಿಗೆ ಲೈಸೆನ್ಸ್ ಇದ್ದರೆ ಸಾಲದು, ಕುಡಿಯುವವನ ಕೈಯಲ್ಲೂ ಪರ್ಮಿಟ್ ಇರಬೇಕು.

ನಿರ್ಬಂಧ ಸಡಿಲವಾದ ಕಾಲಕ್ಕೆ ಮುಂಬಯಿಯಲ್ಲಿ ಇಡ್ಲಿ-ದೋಸೆಯ ಹೋಟೆಲುಗಳನ್ನು ಕಟ್ಟಿದ್ದ ತುಳುನಾಡಿನವರು ಸಿದ್ಧರಾಗಿದ್ದರು. ಹಗಲು ತಟ್ಟೆ ತೊಳೆದು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರಲ್ಲಿ ಅನೇಕರು ಮುಂದೆ ಬಾರ್ ಮಾಲೀಕರಾದರು. ಬಂಗುಡೆಯ ರವಾ ಫ್ರೈ, ಕೋಳಿ ಸುಕ್ಕ, ನೀರುದೋಸೆ ಕೊಲಾಬಾದ ಪ್ರವಾಸಿಯ ಮೇಜಿಗೆ ಬಂದದ್ದು ಇವರ ಕೈಯಿಂದ. ಇರಾನಿಯರು 1871ರಲ್ಲಿ ತೆರೆದ ಲಿಯೊಪೋಲ್ಡ್, ಮಾರಿಯೋ ಮಿರಾಂಡಾರ ಗೋಡೆಚಿತ್ರಗಳ ಮೊಂಡೆಗಾರ್ ಪ್ರವಾಸಿಗಳಿಗೆ ಪ್ರಸಿದ್ಧ. ನಗರದ ನಿಜವಾದ ಪಾನಗೃಹ ಮಾತ್ರ ಶೆಟ್ಟರ ಪರ್ಮಿಟ್ ರೂಮೇ.

ಬಹುಕಾಲದಿಂದ ನಡೆದುಬಂದ ದರದಲ್ಲಿ ಒಂದು ದಿನದ ಪರ್ಮಿಟ್‌ಗೆ ಐದು ರೂಪಾಯಿ, ವರ್ಷಕ್ಕೆ ನೂರು, ಆಜೀವಕ್ಕೆ ಸಾವಿರ. ದಿನದ ಚೀಟಿಯ ಪುಸ್ತಕ ಗಲ್ಲೆಯಲ್ಲೇ ಇರುತ್ತದೆ, ಆದರೆ ಕೇಳುವವರೇ ಇಲ್ಲ.

ಕೊಲಾಬಾದ ಒಂದು ಪರ್ಮಿಟ್ ರೂಮಿನಲ್ಲಿ, ಶನಿವಾರದ ರಾತ್ರಿ, ಅದು ಬೇಕಾಗಿ ಬಂತು. ಶಿವಮೊಗ್ಗದಿಂದ ಹೋಗಿದ್ದ ಈ ಲೇಖಕ ಕುಳಿತೊಡನೆ ಚೀಟಿ ಕೇಳಿದ್ದ. ಜತೆಗಿದ್ದ ಭಾವ ಥಾಣೆಯಲ್ಲೇ ತಲೆ ನರೆಸಿದವರು. “ಅದೆಲ್ಲ ಯಾರು ನೋಡ್ತಾರೆ ಮಾರಾಯ? ನಾನಿಲ್ವಾ!” ಎಂದು ತಮ್ಮ ಚೀಟಿ ಬೇಡವೆಂದರು. ಹತ್ತು ಗಂಟೆ ದಾಟಿದ ಮೇಲೆ ಸಾದಾ ಉಡುಪಿನ ಒಬ್ಬ ಅಧಿಕಾರಿ ಇಬ್ಬರು ಸಹಾಯಕರೊಂದಿಗೆ ಒಳಗೆ ಬಂದ. ಹಾಡು ನಿಂತಿತು. ಲೈಟುಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಮೇಜಿನಿಂದ ಮೇಜಿಗೆ ಪ್ರಶ್ನೆ ಒಂದೇ: ಪರ್ಮಿಟ್. ಲೇಖಕನ ಚೀಟಿಯನ್ನು ಆತ ದೀಪಕ್ಕೆ ಹಿಡಿದು, ಇದು ಈಗಷ್ಟೇ ಬರೆದದ್ದು ಎಂದು ಮರಾಠಿಯಲ್ಲಿ ಗದರಿದ. ಮರಾಠಿ ಬಲ್ಲ ಭಾವ ಗೋಡೆ ನೋಡುತ್ತ ಕುಳಿತರು. ಆ ಮಾತನ್ನು ಕನ್ನಡಕ್ಕೆ ತಂದುಕೊಟ್ಟವನು ಬೈಂದೂರಿನ ಕಡೆಯ ವೇಟರ್ ಹುಡುಗ. ಕೈಯಲ್ಲಿದ್ದ ಟ್ರೇ ನಡುಗುತ್ತಿದ್ದರೂ ಅವನು ಅಲ್ಲಿಂದ ಸರಿಯಲಿಲ್ಲ. ಸಿಟ್ಟು ಅವನ ಮೇಲೂ ತಿರುಗಿತು. ಸುತ್ತಲಿನವರು ಗ್ಲಾಸು ಕೆಳಗಿಟ್ಟು ಇತ್ತ ನೋಡತೊಡಗಿದರು. ಆ ಹೊತ್ತಿನ ಅವಮಾನಕ್ಕೆ ಯಾವ ಕಾಯ್ದೆಯ ಸಮರ್ಥನೆಯೂ ಇಲ್ಲ. ಗಲ್ಲೆಯ ಹಿರಿಯರು ಪುಸ್ತಕ ತಂದು ಕೌಂಟರ್‌ಫಾಯಿಲ್ ತೋರಿಸಿದರು: ನಂಬರ್ ಹೊಂದಿತು, ತಾರೀಖು ಹೊಂದಿತು, ಮುಂದೆ ಹರಿದ ಚೀಟಿಗಳೂ ಕ್ರಮವಾಗಿದ್ದವು. ಒಂದು ನಿಮಿಷದ ಈ ಕೆಲಸವನ್ನು ಅಧಿಕಾರಿ ಮೊದಲೇ ಮಾಡಬಹುದಿತ್ತು. ಭಾವನನ್ನು ಫುಟ್‌ಪಾತಿನಲ್ಲಿ ಬಹಳ ಹೊತ್ತು ನಿಲ್ಲಿಸಿ, ಹೆಸರು-ವಿಳಾಸ ಬರೆದುಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರು. ಮನೆಗೆ ಹೋಗುವಾಗ ಭಾವ ಚೀಟಿಯ ವಿಷಯ ಎತ್ತಲಿಲ್ಲ. ಹಟಮಾರಿ ಎಂಬ ಮಾತನ್ನು ಮಾತ್ರ ಅಕ್ಕನ ಮುಂದೆ ಆಡಿದರು. ಆ ಹಟ ಸರಿಯಾಗಿತ್ತು, ಇಂದಿಗೂ ಸರಿ.

ಆದ್ದರಿಂದ ಆರ್ಡರ್‌ಗೆ ಮೊದಲು ಪ್ರತಿಯೊಬ್ಬರ ಹೆಸರಿನಲ್ಲೂ ಬೇರೆ ಬೇರೆ ಚೀಟಿ ಬರೆಸಿ, ತಾರೀಖು ನೋಡಿಕೊಳ್ಳಬೇಕು. ಆಗಾಗ ಮುಂಬಯಿಗೆ ಹೋಗುವವರಿಗೆ ವರ್ಷದ ಪರ್ಮಿಟ್ ಒಳ್ಳೆಯದು. ತಪಾಸಣೆ ಬಂದರೆ ದನಿ ಏರಿಸದೆ ಕೌಂಟರ್‌ಫಾಯಿಲ್ ತರಿಸಬೇಕು. ಚೀಟಿಯಿಲ್ಲದ ಗಿರಾಕಿ ಲೈಸೆನ್ಸಿಗೂ ಅಪಾಯ, ಆ ಲೈಸೆನ್ಸಿನ ಮೇಲೆ ವೇಟರ್ ಹುಡುಗರ ಅನ್ನ ನಿಂತಿದೆ.

ವಯಸ್ಸಿನ ನಿಯಮ ಇಲ್ಲಿ ಬಿಗಿ: ಬಿಯರ್‌ಗೆ 21, ವಿಸ್ಕಿ-ರಮ್ಮಿಗೆ 25. ಊರಿನಿಂದ ಬರುವ ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗರು ಇದನ್ನು ತಿಳಿದಿರಬೇಕು. ಗಾಂಧಿ ಜಯಂತಿಯಂದು ಡ್ರೈ ಡೇ. ಚುನಾವಣೆಯಲ್ಲಿ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮಾರಾಟವಿಲ್ಲ. ಅಂಥ ದಿನ ಗಲ್ಲಿಯೊಳಗೆ ಸಿಗುತ್ತದೆ ಎಂದು ಕರೆಯುವವರ ಹಿಂದೆ ಹೋಗಲೇಬಾರದು. 2015ರ ಜೂನ್‌ನಲ್ಲಿ ಮಾಲಾಡ್‌ನ ಮಾಲ್ವಣಿಯಲ್ಲಿ ಮೆಥನಾಲ್ ಬೆರೆತ ಸಾರಾಯಿ ನೂರಕ್ಕೂ ಹೆಚ್ಚು ಬಡವರನ್ನು ಕೊಂದಿತು.

ಅನೇಕ ಕಡೆ ಒಂದೇ ಕಟ್ಟಡದಲ್ಲಿ ಸಾದಾ ಹಾಲ್‌ಗೂ ಎ.ಸಿ. ಹಾಲ್‌ಗೂ ದರ ಬೇರೆ, ಕೂರುವ ಮೊದಲು ಕೇಳುವುದು ವಾಸಿ. ಬಿಲ್ಲಿನಲ್ಲಿ ಊಟಕ್ಕೆ ಜಿ.ಎಸ್.ಟಿ., ಮದ್ಯಕ್ಕೆ ರಾಜ್ಯದ ವ್ಯಾಟ್ ಪ್ರತ್ಯೇಕವಾಗಿರುತ್ತವೆ. ವಾಪಸಾಗುವಾಗ ವಾಹನ ನಡೆಸುವಂತಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅಪರಾಧ, ಶನಿವಾರ ರಾತ್ರಿಯ ನಾಕಾಬಂದಿಯಲ್ಲಿ ಯಂತ್ರ ಊದಿಸುತ್ತಾರೆ. ಕೊಲಾಬಾದಿಂದ ಬೋರಿವಲಿ ಕಡೆಯವರಿಗೆ ಚರ್ಚ್‌ಗೇಟ್, ಥಾಣೆ-ಡೊಂಬಿವಲಿಯವರಿಗೆ ಸಿ.ಎಸ್.ಎಂ.ಟಿ. ಹತ್ತಿರದ ಸ್ಟೇಷನ್. ಕೊನೆಯ ಲೋಕಲ್ ತಪ್ಪಿದರೆ ಬೆಳಗಿನ ಜಾವದ ಮೊದಲ ಗಾಡಿಯವರೆಗೆ ಟ್ಯಾಕ್ಸಿಯೇ ಗತಿ.