ನೀರಿಗೂ ಲೆಕ್ಕ

ನನಗೆ ಸೋಡಿಯಂ ಕಡಿಮೆಯಾಗಿದೆಯಂತೆ ಎಂಬ ಸುದ್ದಿ ಹರಡಿದ ಮೇಲೆ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಉಪ್ಪು ಸ್ವಲ್ಪ ಜಾಸ್ತಿ ತಿನ್ನಿ, ಸರಿಹೋಗುತ್ತೆ.’ ಹೇಳಿದವರ ಕೈಯಲ್ಲಿ ಎಳನೀರು. ನಮ್ಮದು ತಿಪಟೂರು, ಕೊಬ್ಬರಿಯ ಊರು. ಇಲ್ಲಿ ಕಾಯಿಲೆಯವರ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ, ತೋಟದ ನಾಲ್ಕು ಎಳನೀರಾದರೂ ಜೊತೆಗಿರುತ್ತದೆ. ನಡುಮನೆಯ ಮೂಲೆಯಲ್ಲಿ ರಾಶಿಯೇ ಬಿದ್ದಿತ್ತು. ಅದರಲ್ಲಿ ಒಂದನ್ನೂ ನಾನು ಕುಡಿಯುವ ಹಾಗಿರಲಿಲ್ಲ. ಎಳನೀರಿನಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ. ಸೋಡಿಯಂ ಅದರಲ್ಲಿ ತೀರಾ ಕಡಿಮೆ. ಮೇಲಾಗಿ ಅದೂ ನೀರೇ. ನನ್ನ ಮೈಯಲ್ಲಿ ಆಗಲೇ ಬೇಕಾದದ್ದಕ್ಕಿಂತ ಹೆಚ್ಚು ನೀರಿತ್ತು. ಇದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಕೆಲಸ ಇವತ್ತಿಗೂ ಮುಗಿದಿಲ್ಲ.

ಅಂಚೆ ಕಚೇರಿಯ ಉಳಿತಾಯ ಖಾತೆಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು ನಾನು. ಎಪ್ಪತ್ತು ದಾಟಿದ ಮೇಲೂ ಬಡ್ಡಿ ಲೆಕ್ಕ ಬಾಯಲ್ಲೇ ಆಗುತ್ತಿತ್ತು. ಅಂಥವಳು ಕಾಯಿಲೆಬಿದ್ದ ತಿಂಗಳು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗೀಚಿ, ಹೊಡೆದುಹಾಕಿ, ಮತ್ತೆ ಗೀಚಿದ್ದೆ. ಆ ತಿಂಗಳ ಹಾಳೆಯನ್ನು ಆಮೇಲೆ ಸೊಸೆ ತೋರಿಸಿದಾಗ, ಅದು ನನ್ನ ಕೈಬರಹವೆಂದು ಒಪ್ಪಿಕೊಳ್ಳಲೇ ಕಷ್ಟವಾಯಿತು. ಊಟ ಸೇರುತ್ತಿರಲಿಲ್ಲ, ಅನ್ನದ ವಾಸನೆಗೇ ಓಕರಿಕೆ. ಮಧ್ಯಾಹ್ನ ಮಲಗಿದರೆ ಸಂಜೆ ದೀಪ ಹಚ್ಚುವವರೆಗೂ ನಿದ್ದೆ. ನಡೆಯುವಾಗ ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ಗೋಡೆ ಹಿಡಿದೇ ಬಚ್ಚಲಿಗೆ ಹೋಗಬೇಕಿತ್ತು. ಮನೆಯವರು ಇದಕ್ಕೆಲ್ಲ ಕೊಟ್ಟ ಹೆಸರು ವಯಸ್ಸು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ನನಗಂತೂ ಅರವತ್ತು ಕಳೆದು ಎಷ್ಟೋ ಕಾಲವಾಗಿತ್ತು. ನಮ್ಮ ಯಜಮಾನರು ಮಗನಿಗೆ ಫೋನಿನಲ್ಲಿ ‘ನಿಮ್ಮಮ್ಮಂಗೆ ಮರೆವಿನ ಕಾಯಿಲೆ ಶುರುವಾದ ಹಂಗಿದೆ ಕಣೋ’ ಅಂದದ್ದು ಮಂಪರಿನಲ್ಲೂ ನನ್ನ ಕಿವಿಗೆ ಬಿದ್ದಿತ್ತು.

ಮರೆವಿನ ಕಾಯಿಲೆ ಸಾಮಾನ್ಯವಾಗಿ ವರ್ಷಗಟ್ಟಲೆ ಹಿಡಿದು ನಿಧಾನವಾಗಿ ಬರುತ್ತದೆ. ಹೋದ ತಿಂಗಳು ನೆಟ್ಟಗಿದ್ದವರು ಈ ತಿಂಗಳು ಮಂಕಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಎಲೆಕ್ಟ್ರೋಲೈಟ್ಸ್ ಎಂದು ಕೇಳಿದರೆ ಯಾವ ಲ್ಯಾಬಿನವರೂ ಮಾಡಿಕೊಡುತ್ತಾರೆ, ಖರ್ಚು ಕೆಲವು ನೂರು ರೂಪಾಯಿ. ಸೋಡಿಯಂ 135ರಿಂದ 145ರೊಳಗೆ ಇರಬೇಕು. 125ಕ್ಕಿಂತ ಕೆಳಗಿಳಿದರೆ ಅಪಾಯ; ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು. ನನ್ನದು 118 ಇತ್ತು.

ಸೀದಾ ಐಸಿಯು. ಅಲ್ಲಿ ಕೊಟ್ಟದ್ದು ಮಾಮೂಲಿ ಸಲೈನಲ್ಲ, ಶೇಕಡಾ 3ರ ಗಟ್ಟಿ ಉಪ್ಪುನೀರು. ಅದೂ ಯಂತ್ರಕ್ಕೆ ಹಾಕಿ, ಲೆಕ್ಕವಿಟ್ಟು. ಕೆಲವು ಗಂಟೆಗೊಮ್ಮೆ ರಕ್ತ ತೆಗೆಯುತ್ತಿದ್ದರು. ಬೆಂಗಳೂರಿನಿಂದ ಓಡಿಬಂದಿದ್ದ ಮಗ, ಕಡಿಮೆಯಾಗಿರುವುದು ಉಪ್ಪೇ ಆದರೆ ಒಂದೇ ಸಲ ಏರಿಸಿಬಿಡಬಾರದೇ ಎಂದು ಡಾಕ್ಟರ ಹತ್ತಿರ ರೇಗಿದನಂತೆ. ಅವರು ಅವನನ್ನು ಕೂರಿಸಿಕೊಂಡು ವಿವರಿಸಿದ್ದಾರೆ. ಸೋಡಿಯಂ ದಿನಗಟ್ಟಲೆ ಕಡಿಮೆಯಿದ್ದರೆ ಮಿದುಳಿನ ಜೀವಕೋಶಗಳು ಅದಕ್ಕೇ ಹೊಂದಿಕೊಂಡುಬಿಟ್ಟಿರುತ್ತವೆ. ಆಮೇಲೆ ದಿಢೀರನೆ ಏರಿಸಿದರೆ ನರಗಳ ಮೇಲಿನ ಪೊರೆ ಹಾಳಾಗಿ ಮಾತು ನಿಲ್ಲಬಹುದು, ನುಂಗುವುದು ನಿಲ್ಲಬಹುದು, ಕೈಕಾಲು ಬಿದ್ದುಹೋಗಬಹುದು. ಆದ್ದರಿಂದ ಇಪ್ಪತ್ತನಾಲ್ಕು ಗಂಟೆಯಲ್ಲಿ 8, ಹೆಚ್ಚೆಂದರೆ 10 ಅಂಕ ಮಾತ್ರ ಏರಿಸುವುದು. ಮಿದುಳಿಗಾಗುವ ಈ ಬಗೆಯ ಹಾನಿಯನ್ನು ವೈದ್ಯರು ಮೊದಲ ಸಲ ವಿವರಿಸಿ ಬರೆದದ್ದು 1959ರಲ್ಲಂತೆ. ಮಗ ಆಮೇಲೆ ಬಾಯಿ ತೆರೆಯಲಿಲ್ಲ.

ಎಚ್ಚರ ತಿಳಿಯಾದ ಮೇಲೆ ಡಾಕ್ಟರು ಮೊದಲು ಕೇಳಿದ್ದು ನನ್ನ ಮಾತ್ರೆಗಳ ಡಬ್ಬಿ. ಬಿ.ಪಿ.ಗೆ ವರ್ಷಗಳಿಂದ ಟೆಲ್ಮಿಸಾರ್ಟಾನ್ ನುಂಗುತ್ತಿದ್ದೆ. ಬಿ.ಪಿ. ಹತೋಟಿಗೆ ಬಂದಿಲ್ಲವೆಂದು ಬೇಸಿಗೆಯ ಹೊತ್ತಿಗೆ ಮಾತ್ರೆ ಬದಲಾಗಿತ್ತು. ಅದೇ ಕಂಪನಿ, ಅದೇ ಬಣ್ಣದ ಪಟ್ಟಿ. ಹೆಸರಿನ ಮುಂದೆ ಒಂದು ‘ಹೆಚ್’ ಅಕ್ಷರ ಮಾತ್ರ ಹೊಸದು. ಆ ಅಕ್ಷರವೆಂದರೆ ಹೈಡ್ರೋಕ್ಲೋರೋಥಯಜೈಡ್, ಅಂದರೆ ಮೂತ್ರ ಹೋಗಿಸುವ ಔಷಧಿ. ‘ಸಿಟಿ’ ಎಂದಿದ್ದರೆ ಕ್ಲೋರ್ಥಾಲಿಡೋನ್, ಅದೂ ಅದೇ ಜಾತಿಯದು. ಒಳ್ಳೆಯ ಔಷಧಿಗಳೇ, ಅಗ್ಗವೂ ಹೌದು. ಎಷ್ಟೋ ಜನರ ಬಿ.ಪಿ. ಇವುಗಳಿಂದಲೇ ಹದದಲ್ಲಿದೆ. ಆದರೆ ವಯಸ್ಸಾದವರಲ್ಲಿ, ಅದರಲ್ಲೂ ನನ್ನಂಥ ಸಣಕಲು ಹೆಂಗಸರಲ್ಲಿ, ಸೋಡಿಯಂ ಇಳಿಸುವ ಔಷಧಿಗಳ ಸಾಲಿನಲ್ಲಿ ಇವು ಮೊದಲು ನಿಲ್ಲುತ್ತವೆ. ಶುರುಮಾಡಿದ ಕೆಲವು ವಾರದೊಳಗೆ ಒಂದು ರಕ್ತ ಪರೀಕ್ಷೆಯಾಗಿದ್ದರೆ ತಿಳಿಯುತ್ತಿತ್ತು.

ಎರಡನೆಯ ಪ್ರಶ್ನೆ ನೀರಿನದು. ‘ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?’ ಹೆಮ್ಮೆಯಿಂದ ಹೇಳಿದೆ: ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಒಂದು ಚೊಂಬು, ರಾತ್ರಿ ಮಲಗುವುದರೊಳಗೆ ಒಟ್ಟು ಮೂರು ಮೂರೂವರೆ ಲೀಟರು. ವಾಟ್ಸ್ಯಾಪಿನಲ್ಲಿ ದಿನಾ ಬರುವ ಆರೋಗ್ಯ ಸೂತ್ರಗಳಲ್ಲಿ ಅದಕ್ಕಿಂತ ಪವಿತ್ರವಾದದ್ದು ಬೇರೆ ಯಾವುದಿದೆ? ಹರೆಯದವರ ಮೂತ್ರಪಿಂಡ ಅಷ್ಟನ್ನೂ ಸಲೀಸಾಗಿ ಆಚೆಗೆ ಹಾಕೀತು. ವಯಸ್ಸಾದಂತೆ ಆ ಶಕ್ತಿ ಕುಗ್ಗುತ್ತದೆ. ಸಾರಿಗೆ ನೀರು ಹೆಚ್ಚಾದರೆ ಉಪ್ಪು ಹಾಕಿದಷ್ಟೇ ಇದ್ದರೂ ಸಪ್ಪೆಯಾಗುತ್ತದಲ್ಲ, ಹಾಗೆ ಆಗಿತ್ತು ನನ್ನ ರಕ್ತ. ರಿಪೋರ್ಟಿನ ಅಂಕಿ ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಎಂದು ಹೇಳುವುದಿಲ್ಲ; ಒಂದು ಲೀಟರಿನಲ್ಲಿ ಎಷ್ಟಿದೆ ಎಂದಷ್ಟೇ ಹೇಳುತ್ತದೆ.

ಊಟದ ಪಾಲೂ ಇತ್ತು. ಹಲ್ಲು ಹೋದ ಮೇಲೆ ನನ್ನ ಊಟ ಗಂಜಿ, ನೀರು ಮಜ್ಜಿಗೆ ಕಲಸಿದ ಅನ್ನ, ಕಾಫಿಗೆ ಅದ್ದಿದ ರಸ್ಕು, ಇಷ್ಟಕ್ಕೆ ಬಂದು ನಿಂತಿತ್ತು. ಮೂತ್ರಪಿಂಡ ಬರೀ ನೀರನ್ನಷ್ಟೇ ಹೊರಗೆ ಕಳಿಸಲಾರದು. ಜೊತೆಯಲ್ಲಿ ಒಂದಿಷ್ಟು ಲವಣ, ಯೂರಿಯಾ ಹೋಗಲೇಬೇಕು. ಯೂರಿಯಾ ಹುಟ್ಟುವುದು ಬೇಳೆ, ಕಾಳು, ಹಾಲು, ಮೊಟ್ಟೆಯಂಥವುಗಳ ಪ್ರೋಟೀನಿನಿಂದ. ಅದೇ ಹೊಟ್ಟೆಗೆ ಹೋಗದಿದ್ದರೆ ಕುಡಿದ ನೀರು ಒಳಗೇ ಉಳಿಯುತ್ತದೆ. ಒಂಟಿಯಾಗಿ ಬದುಕುವ, ಒಬ್ಬರಿಗಾಗಿ ಯಾಕೆ ಒಲೆ ಹಚ್ಚಬೇಕೆಂದು ಬನ್ನು ಕಾಫಿಯಲ್ಲೇ ದಿನ ಕಳೆಯುವ ಮುದುಕಿಯರು ನನಗೆ ಬಹಳ ಮಂದಿ ಗೊತ್ತು. ಅವರನ್ನು ನೆನೆದರೆ ಈಗ ಭಯವಾಗುತ್ತದೆ.

ಆ ‘ಹೆಚ್’ ಇರುವ ಮಾತ್ರೆ ನಿಲ್ಲಿಸಿದ ಮೇಲೆ ಎಲ್ಲ ಸರಿಹೋಗಬೇಕಿತ್ತು. ಪೂರ್ತಿ ಹೋಗಲಿಲ್ಲ, ಅಂಕಿ 130ರ ಆಸುಪಾಸಿಗೆ ಬಂದು ನಿಂತುಬಿಟ್ಟಿತು. ಥೈರಾಯ್ಡ್, ಕಾರ್ಟಿಸಾಲ್ ಪರೀಕ್ಷೆ, ಎದೆಯ ಸ್ಕ್ಯಾನ್ ಎಲ್ಲವೂ ಆಯಿತು, ಎಲ್ಲವೂ ಸರಿಯಾಗಿದ್ದವು. ಮೂತ್ರ ಪರೀಕ್ಷೆಯಲ್ಲಿ ಮಾತ್ರ, ರಕ್ತದಲ್ಲಿ ಸೋಡಿಯಂ ಕಡಿಮೆಯಿದ್ದರೂ ಮೂತ್ರದಲ್ಲಿ ಧಾರಾಳವಾಗಿ ಹೋಗುತ್ತಿರುವುದು ಕಂಡಿತು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನು ಹೊರಡುತ್ತದೆ. ನೀರನ್ನು ಬಿಡಬೇಡ ಎಂದು ಮೂತ್ರಪಿಂಡಕ್ಕೆ ಹೇಳುವುದು ಅದರ ಕೆಲಸ. ನನ್ನಲ್ಲಿ ಅದು ಬೇಡದ ಹೊತ್ತಿನಲ್ಲೂ ಹೇಳುತ್ತಿದೆ. ವಯಸ್ಸಾದವರಲ್ಲಿ ಎಷ್ಟು ಹುಡುಕಿದರೂ ಇದಕ್ಕೊಂದು ಕಾರಣ ಸಿಗದೇ ಇರುವುದುಂಟಂತೆ. ಟಾಲ್ವಾಪ್ಟಾನ್ ಎಂಬ ಮಾತ್ರೆಯಿದೆ, ಆದರೆ ಅದು ಸೋಡಿಯಂ ಅನ್ನು ವಿಪರೀತ ವೇಗದಲ್ಲಿ ಏರಿಸಬಲ್ಲದು. ಹಾಗಾಗಿ ಆಸ್ಪತ್ರೆಯಲ್ಲಿಟ್ಟುಕೊಂಡೇ ಶುರುಮಾಡಬೇಕು. ನನಗೆ ಸದ್ಯಕ್ಕೆ ಅದು ಬೇಡವೆಂದರು. ನನಗೆ ಹೇಳಿದ ಮದ್ದು ಒಂದೇ, ಕುಡಿಯುವುದು ದಿನಕ್ಕೆ ಒಂದು ಲೀಟರ್ ಮಾತ್ರ. ಕಾಫಿ, ಮಜ್ಜಿಗೆ, ತಿಳಿಸಾರು ಎಲ್ಲ ಸೇರಿ.

ಒಂದು ಲೀಟರ್ ಎಷ್ಟು ಕಡಿಮೆ ಎನ್ನುವುದು ನಮ್ಮಂಥ ಊರಿನಲ್ಲಿ ಬದುಕಿದರೇ ತಿಳಿಯುವುದು. ಬೆಳಗ್ಗೆ ಒಂದು ಲೀಟರ್ ಬಾಟಲಿ ತುಂಬಿಡುತ್ತೇನೆ. ಕಾಫಿ ಕುಡಿದರೆ ಅದೇ ಲೋಟದಲ್ಲಿ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದು ತುಳಸಿಗೆ ಹಾಕುತ್ತೇನೆ. ಮಜ್ಜಿಗೆ ಕುಡಿದರೂ ಹಾಗೇ. ಬಾಟಲಿಯಲ್ಲಿ ಉಳಿದದ್ದೇ ಆ ದಿನಕ್ಕೆ ಉಳಿದದ್ದು. ಮನೆಯಲ್ಲಿ ಇದು ನಡೆದುಹೋಗುತ್ತದೆ. ಕಷ್ಟವೆಲ್ಲ ಹೊರಗೆ. ಯಾರ ಮನೆಗೆ ಹೋದರೂ ಮೊದಲು ಬೆಲ್ಲ ನೀರು, ಆಮೇಲೆ ಕಾಫಿ, ಹೊರಡುವಾಗ ‘ಬಿಸಿಲಲ್ಲಿ ಹೋಗ್ತೀರ, ಒಂದು ಲೋಟ ಮಜ್ಜಿಗೆ ಕುಡ್ಕೊಂಡು ಹೋಗಿ ಅಮ್ಮಾ’. ಬೇಡ ಅಂದರೆ ಜಾತಿಯ ಲೆಕ್ಕ ಹಾಕುವವರೂ ಇದ್ದಾರೆ, ನಮ್ಮ ಕಾಲದ ಶಾಪ ಅದು. ಅದಕ್ಕೇ ಬೆಲ್ಲ ತಿಂದು, ಎರಡು ಗುಟುಕು ಕುಡಿದು, ಉಳಿದದ್ದನ್ನು ಹಾಗೇ ಇಟ್ಟು, ‘ಡಾಕ್ಟರು ಬೈತಾರೆ’ ಅನ್ನುತ್ತೇನೆ. ಡಾಕ್ಟರ ಹೆಸರು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಾಯಾರಿಕೆಗೆ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರು ಬಾಯಲ್ಲಿಟ್ಟುಕೊಳ್ಳುತ್ತೇನೆ, ಇಲ್ಲವೇ ಬಾಯಿ ಮುಕ್ಕಳಿಸಿ ಉಗುಳುತ್ತೇನೆ. ಊಟಕ್ಕೆ ಮುದ್ದೆ, ಅದಕ್ಕೆ ಗಟ್ಟಿ ಹುಳಿ ಅಥವಾ ಬಸ್ಸಾರಿನ ಪಲ್ಯ. ವಾರದಲ್ಲಿ ಕೆಲವು ದಿನ ಬೇಯಿಸಿದ ಮೊಟ್ಟೆ. ಯಜಮಾನರು ಮೂಗು ಮುರಿಯುತ್ತಾರೆ, ಮುರಿಯಲಿ. ಬಿ.ಪಿ.ಗೆ ಒಳ್ಳೆಯದೆಂದು ತರಿಸುತ್ತಿದ್ದ ‘ಕಡಿಮೆ ಸೋಡಿಯಂ’ ಉಪ್ಪಿನ ಪೊಟ್ಟಣ ಮನೆಯಿಂದ ಹೋಯಿತು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ, ಟೆಲ್ಮಿಸಾರ್ಟಾನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಔಷಧಿಯೇ. ಹಾಗೆಂದು ಉಪ್ಪಿನಕಾಯಿ, ಹಪ್ಪಳ ಬಾಚಿ ತಿನ್ನಲು ಪರವಾನಗಿ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು; ನನಗಿರುವ ಬಿ.ಪಿ. ಅದನ್ನು ಮರೆಯಲು ಬಿಡುವುದಿಲ್ಲ. ಅಡುಗೆಗೆ ಎಲ್ಲರಿಗೂ ಹಾಕುವಷ್ಟೇ ನನಗೂ.

ಈ ಲೀಟರಿನ ಲೆಕ್ಕ ಎಲ್ಲ ದಿನಕ್ಕೂ ಹೊಂದುವುದಿಲ್ಲ. ವಾಂತಿ, ಭೇದಿ ಶುರುವಾದರೆ ಉಪ್ಪೂ ನೀರೂ ಎರಡೂ ಹೋಗುತ್ತವೆ. ಆಗ ಬಾಟಲಿ ಹಿಡಿದು ಕೂರದೆ ಅವತ್ತೇ ಡಾಕ್ಟರಿಗೆ ಫೋನು ಮಾಡಬೇಕೆಂದು ಹೇಳಿದ್ದಾರೆ. ಸೋಡಿಯಂ ಸ್ವಲ್ಪವೇ ಕಡಿಮೆ ಇದ್ದರೂ ನಡಿಗೆಯ ಹಿಡಿತ ತಪ್ಪುತ್ತದೆ, ಬಿದ್ದು ಸೊಂಟ ಮುರಿದುಕೊಳ್ಳುವ ಸಂಭವ ಹೆಚ್ಚು. ಅದಕ್ಕೇ ಬಚ್ಚಲಲ್ಲಿ ಹಿಡಿಕೆ ಹಾಕಿಸಿದ್ದೇವೆ.

ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನವರಾದರೂ ಸರಿ, ಮೊದಲು ಸೋಡಿಯಂ ವಿಷಯ ಹೇಳುತ್ತೇನೆ. ಮಂಡಿ ನೋವಿನ ಕೆಲವು ಮಾತ್ರೆಗಳು, ಫಿಟ್ಸಿಗೆ ಕೊಡುವ ಕಾರ್ಬಮಾಜೆಪಿನ್, ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್, ಸರ್ಟ್ರಲೀನ್ ಇವೂ ಸೋಡಿಯಂ ಇಳಿಸಬಹುದು. ಗಂಡ ತೀರಿಕೊಂಡ ಮೇಲೆ ಮಂಕಾಗಿದ್ದ ನನ್ನ ತಂಗಿಗೆ ಎಸಿಟಲೋಪ್ರಾಮ್ ಬರೆದುಕೊಟ್ಟರು. ಮಾತ್ರೆ ಬಿಡಬೇಡ, ಎರಡು ವಾರಕ್ಕೆ ರಕ್ತ ಮಾತ್ರ ಮಾಡಿಸು ಎಂದೆ. ‘ನಿಂಗೆ ಬಂತು ಅಂತ ಎಲ್ರಿಗೂ ಬರುತ್ತಾ ಅಕ್ಕಾ?’ ಎಂದು ನಕ್ಕಳು, ಆದರೂ ಹೋದಳು. 136 ಬಂತು. ಮಾತ್ರೆ ಮುಂದುವರಿಸುತ್ತಿದ್ದಾಳೆ, ಈಗೀಗ ಸಂಜೆ ದೇವಸ್ಥಾನಕ್ಕೂ ಹೋಗಿಬರುತ್ತಾಳೆ.