ಸ್ಪಾರ್ಕ್ ಪ್ಲಗ್: ಬದಲಾವಣೆ ಮತ್ತು ಪರೀಕ್ಷೆ

ಪೆಟ್ರೋಲ್ ಯಂತ್ರದ ಚಲನೆಗೆ ವಾಯು, ಇಂಧನ, ಕಿಡಿ ಎಂಬ ಮೂರು ಸಾಮಗ್ರಿಗಳು ಅವಶ್ಯಕ. ಮೊದಲಿನವೆರಡೂ ಸಿಲಿಂಡರಿನೊಳಗೆ ಬೆರೆತು ಒತ್ತಡಕ್ಕೆ ಸಿಕ್ಕಿದ್ದರೂ ಮೂರನೆಯದು ಸಕಾಲದಲ್ಲಿ ಒದಗದಿದ್ದರೆ ಯಂತ್ರಕ್ಕೆ ಬಲವಿಲ್ಲ. ಆ ಕಿಡಿಯನ್ನು ಒದಗಿಸುವ ಉಪಕರಣವೇ ಸ್ಪಾರ್ಕ್ ಪ್ಲಗ್. ಇದಕ್ಕೆ ‘ಕಿಡಿಬೆಣೆ’ ಎಂದು ಹೆಸರಿಡಬಹುದು. ಆದರೆ ಗ್ಯಾರೇಜಿನವರೆಲ್ಲರೂ ‘ಪ್ಲಗ್ಗು’ ಎಂದು ಕನ್ನಡದ ಉಕಾರವನ್ನು ಸೇರಿಸಿ ಅದನ್ನು ಆಗಲೇ ತಮ್ಮದಾಗಿ ಮಾಡಿಕೊಂಡಿರುವುದರಿಂದ ಬೇರೆ ಹೆಸರಿನ ಪ್ರಯಾಸ ಬೇಕಿಲ್ಲ.

ಬೆಂಗಳೂರಿಗೂ ಈ ವಸ್ತುವಿಗೂ ಹಳೆಯ ನಂಟುಂಟು. 1902ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಅವರ ಸಂಸ್ಥೆಯಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಯಂತ್ರವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ರೂಪಿಸಿದರು. ಅದೇ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಆಡುಗೋಡಿಯಲ್ಲಿ ನೆಲೆಯೂರಿ, ಜನರ ಬಾಯಲ್ಲಿ ‘ಮೈಕೊ’ ಎನಿಸಿತು. ಮೈಕೊ ಪ್ಲಗ್ಗುಗಳು ದೇಶದ ಅಂಗಡಿಗಳಲ್ಲೆಲ್ಲ ಮನೆಮಾತಾದವು. 2008ರಲ್ಲಿ ಸಂಸ್ಥೆಯು ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಳೆದರೂ ಬಿ.ಟಿ.ಎಂ. ಬಡಾವಣೆಯ ಕಡೆಯ ಮೈಕೊ ಲೇಔಟ್ ಹಳೆಯ ಹೆಸರನ್ನು ಇನ್ನೂ ಉಳಿಸಿಕೊಂಡಿದೆ.

ಪ್ಲಗ್ಗಿನ ರಚನೆ ಸರಳ. ನಡುವೆ ಒಂದು ಲೋಹದ ಕಡ್ಡಿ, ಅದರ ಸುತ್ತ ಪಿಂಗಾಣಿಯ ಕವಚ, ಹೊರಗೆ ತಿರುಪುಳ್ಳ ಉಕ್ಕಿನ ಒಡಲು. ಕಡ್ಡಿಯ ತುದಿಗೂ ಒಡಲಿನಿಂದ ಬಾಗಿಬಂದ ಕೊಕ್ಕೆಗೂ ನಡುವೆ ಒಂದು ಮಿಲಿಮೀಟರಿನ ಆಸುಪಾಸಿನ ಎಡೆಯಿರುತ್ತದೆ. ಅನೇಕ ಸಾವಿರ ವೋಲ್ಟುಗಳ ವಿದ್ಯುತ್ತು ಈ ಎಡೆಯನ್ನು ಹಾರುವಾಗ ಕಿಡಿಯೇಳುತ್ತದೆ. ಯಂತ್ರವು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಿಮಿಷಕ್ಕೆ 1500 ಬಾರಿ, ಅಂದರೆ ಸೆಕೆಂಡಿಗೆ 25 ಬಾರಿ, ದಹನ ನಡೆಯಬೇಕು. ಇಷ್ಟು ದುಡಿದ ಲೋಹವು ಸವೆಯುವುದು ಸಹಜ. ಸವೆದಂತೆ ಎಡೆ ಹಿಗ್ಗುತ್ತದೆ, ಕಿಡಿ ತಪ್ಪತೊಡಗುತ್ತದೆ. ಆಗ ಉರಿಯದೆ ಹೊರಬೀಳುವ ಪೆಟ್ರೋಲು ಹಣವನ್ನು ನುಂಗುವುದಲ್ಲದೆ, ಹೊಗೆಯನ್ನು ಶುದ್ಧಗೊಳಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತದೆ. ನಿಕಲ್ ತುದಿಯ ಸಾಮಾನ್ಯ ಪ್ಲಗ್ಗುಗಳು 20,000ದಿಂದ 40,000 ಕಿಲೋಮೀಟರುಗಳವರೆಗೂ, ಇರಿಡಿಯಂ ತುದಿಯವು ಒಂದು ಲಕ್ಷದ ಆಸುಪಾಸಿನವರೆಗೂ ಬಾಳುವುದುಂಟು. ವಾಹನದ ಕೈಪಿಡಿಯಲ್ಲಿ ಹೇಳಿದ್ದೇ ಇಲ್ಲಿ ಪ್ರಮಾಣ. ಡೀಸೆಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲವೆಂಬುದನ್ನು ಅದರ ಒಡೆಯರು ನೆನಪಿಡಬೇಕು.

ಉತ್ತರಹಳ್ಳಿಯಂತಹ ಬಡಾವಣೆಯ ಕಾರಿಗೆ ಇನ್ನೊಂದು ತೊಡಕುಂಟು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಮುಟ್ಟಿದಾಗ ಮಾತ್ರ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬಲ್ಲುದು. ಐದಾರು ಕಿಲೋಮೀಟರ್ ದೂರದ ಬನಶಂಕರಿಗೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತ ಹೋಗಿ, ಅಲ್ಲಿಂದಲೇ ಮರಳಿಬರುವ ಕಾರಿಗೆ ಆ ಉಷ್ಣತೆ ಸರಿಯಾಗಿ ಸಿದ್ಧಿಸುವುದಿಲ್ಲ. ಮೀಟರಿನಲ್ಲಿ ಅಂಕೆ ಏರದಿದ್ದರೂ ಪ್ಲಗ್ಗಿನಲ್ಲಿ ಮಸಿ ಏರುತ್ತಿರುತ್ತದೆ. ಆದಕಾರಣ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡುವುದು ಲೇಸು.

ಬಿಚ್ಚುವ ಕಾರ್ಯವು ಮನೆಯ ಅಂಗಳದಲ್ಲಿಯೇ ಸಾಧ್ಯ. ಯಂತ್ರವು ಪೂರ್ಣ ತಣ್ಣಗಾಗಿರಬೇಕು. ಬೆಳಗಿನ ಹೊತ್ತು ಪ್ರಶಸ್ತ. ಸಿಲಿಂಡರ್ ಹೆಡ್ಡು ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಬಿಸಿಯಲ್ಲಿ ಪ್ಲಗ್ಗನ್ನು ತಿರುಗಿಸಿದರೆ ಅದರ ತಿರುಪುಸುತ್ತು ಕಿತ್ತುಬರುವ ಭಯವಿದೆ. ಕೀಲಿಕೈಯನ್ನು ತೆಗೆದಿಟ್ಟು, ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಹಳೆಯ ಕಾರುಗಳಲ್ಲಿ ಪ್ಲಗ್ಗಿನ ಮೇಲೆ ರಬ್ಬರ್ ಟೋಪಿಯುಳ್ಳ ದಪ್ಪ ವೈರು ಇರುತ್ತದೆ. ಹಿಡಿದೆಳೆಯಬೇಕಾದದ್ದು ಟೋಪಿಯನ್ನು, ವೈರನ್ನಲ್ಲ. ಇಂತಹ ಕಾರಿನಲ್ಲಿ ಒಂದನ್ನು ಮುಗಿಸಿಯೇ ಮತ್ತೊಂದಕ್ಕೆ ಕೈಹಾಕಬೇಕು. ವೈರುಗಳು ಅದಲುಬದಲಾದರೆ ಯಂತ್ರವು ಕೆಮ್ಮತೊಡಗುತ್ತದೆ. ಈಚಿನ ಕಾರುಗಳಲ್ಲಿ ಪ್ಲಗ್ಗಿಗೊಂದರಂತೆ ಕಾಯಿಲ್ ಇರುತ್ತದೆ. ಮೊದಲು ಅದರ ಕೊಂಡಿಯನ್ನೂ ಬಳಿಕ ಬೋಲ್ಟನ್ನೂ ಬಿಡಿಸಿ ಮೇಲಕ್ಕೆತ್ತಬೇಕು. ಪ್ಲಗ್ಗನ್ನು ಸಡಿಲಿಸುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯುವುದನ್ನು ಮರೆಯಕೂಡದು. ರಸ್ತೆ ಅಗೆತ ಮುಗಿಯದ ಈ ಕಡೆಯ ಬಡಾವಣೆಗಳಲ್ಲಿ ಆ ಕುಳಿಯ ತುಂಬ ಕೆಮ್ಮಣ್ಣೇ ಕೂತಿರುತ್ತದೆ. ಅದು ಸಿಲಿಂಡರಿನೊಳಕ್ಕೆ ಬಿದ್ದರೆ ಒಳಗೋಡೆಯನ್ನು ಗೀರುತ್ತದೆ.

ಬಹುಜನರು ಅವಸರಿಸುವುದು ಇಲ್ಲಿಂದ ಮುಂದೆ. ಹಳೆಯ ಪ್ಲಗ್ಗುಗಳನ್ನು ಒಂದೇ ಡಬ್ಬಿಗೆ ಎಸೆದು ಹೊಸದನ್ನು ಕೂರಿಸುತ್ತಾರೆ. ಹಾಗೆ ಮಾಡುವುದರಿಂದ ಯಂತ್ರವು ತನ್ನ ಆರೋಗ್ಯದ ವಿಷಯದಲ್ಲಿ ನುಡಿದ ಸಾಕ್ಷ್ಯವೆಲ್ಲ ನಷ್ಟವಾಗುತ್ತದೆ. ಓಲೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರ ಕಾಣಲೆಂದು ಮಸಿ ತಿಕ್ಕುವ ಪದ್ಧತಿಯುಂಟು. ಪ್ಲಗ್ಗಿನಲ್ಲಿ ಆ ಮಸಿಯೇ ಅಕ್ಷರ. ಆದುದರಿಂದ ಬಿಚ್ಚಿದ ಕ್ರಮದಲ್ಲಿಯೇ ಕಾಗದದ ಮೇಲೆ ಸಾಲಾಗಿಟ್ಟು, ಒಂದು, ಎರಡು ಎಂದು ಗುರುತು ಬರೆದು, ಒರೆಸದೆ ನೋಡಬೇಕು.

ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ದಹನ ಸಮರ್ಪಕ. ಒಣಗಿದ ಕರಿಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಅಥವಾ ಏರ್ ಫಿಲ್ಟರ್ ಮುಚ್ಚಿಹೋಗಿದೆ, ಅಥವಾ ಓಡಾಟ ತೀರ ಅಲ್ಪ. ಕಪ್ಪಾಗಿ ಎಣ್ಣೆಯಿಂದ ಜಿಡ್ಡುಗಟ್ಟಿದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವಿನ ಸೀಲು ಸವೆದಿರುವ ಸೂಚನೆ. ಹೊಸ ಪ್ಲಗ್ಗು ಆ ರೋಗಕ್ಕೆ ಮದ್ದಲ್ಲ. ಬಿಳುಪಾಗಿ ಗುಳ್ಳೆಯೆದ್ದಿದ್ದರೆ ತಾಪ ಮಿತಿಮೀರಿದೆ. ಒಂದೊಂದರ ಬಣ್ಣಕ್ಕಿಂತಲೂ ಸಾಲಿನ ಅನ್ವಯ ಮುಖ್ಯವಾದುದು. ನಾಲ್ಕೂ ಒಂದೇ ಬಗೆಯಾಗಿ ಕಪ್ಪಾಗಿದ್ದರೆ ದೋಷವು ಎಲ್ಲಕ್ಕೂ ಸಾಮಾನ್ಯವಾದ ಗಾಳಿ, ಇಂಧನ, ಓಡಾಟಗಳಲ್ಲಿದೆ. ಮೂರು ಕಂದಾಗಿದ್ದು ಒಂದು ಮಾತ್ರ ಕಪ್ಪಾಗಿದ್ದರೆ ದೋಷವು ಆ ಸಿಲಿಂಡರಿನದೇ. ಅದರ ಕಾಯಿಲನ್ನೋ ವೈರನ್ನೋ ಮೊದಲು ಶಂಕಿಸಬೇಕು. ಇಷ್ಟನ್ನು ತಿಳಿದು ಗ್ಯಾರೇಜಿಗೆ ಹೋದ ಗೃಹಸ್ಥನು ನಾಲ್ಕು ಕಾಯಿಲುಗಳ ಬೆಲೆ ತೆರಬೇಕಾದಲ್ಲಿ ಒಂದರ ಬೆಲೆಯಲ್ಲಿ ಮರಳಿಬಂದಾನು.

ಹೊಸ ಪ್ಲಗ್ಗಿನ ಸಂಕೇತಸಂಖ್ಯೆ ಕೈಪಿಡಿಗೆ ಹೊಂದಬೇಕು. ಉಷ್ಣಶ್ರೇಣಿಯ ಅಂಕೆಯಲ್ಲಿ ಒಂದು ಮೋಸವಿದೆ: ಈಗಿನ ಬಾಷ್ ಪದ್ಧತಿಯಲ್ಲಿ ಅಂಕೆ ಹೆಚ್ಚಿದಷ್ಟೂ ಪ್ಲಗ್ಗು ‘ಬಿಸಿ’ಯದು, ಜಪಾನಿನ ಎನ್.ಜಿ.ಕೆ. ಪದ್ಧತಿಯಲ್ಲಿ ಅಂಕೆ ಹೆಚ್ಚಿದಷ್ಟೂ ‘ತಂಪಿ’ನದು. ಅಂಕೆಯನ್ನಷ್ಟೇ ನೋಡಿ ಒಂದರ ಬದಲು ಮತ್ತೊಂದನ್ನು ಕೊಳ್ಳಲಾಗದು. ನಿಕಲ್ ಪ್ಲಗ್ಗಿನ ಎಡೆಯನ್ನು ಫೀಲರ್ ಗೇಜಿನಿಂದ ಅಳೆದು, ಹೊರಗಿನ ಕೊಕ್ಕೆಯನ್ನು ಮಾತ್ರ ಮೆಲ್ಲನೆ ಬಾಗಿಸಿ ಸರಿಪಡಿಸಬಹುದು. ಇರಿಡಿಯಂ ತುದಿ ಬಹಳ ಸಣ್ಣದು. ಅದಕ್ಕೆ ಗೇಜನ್ನಾಗಲಿ ತಂತಿಬ್ರಷ್ಷನ್ನಾಗಲಿ ತಾಗಿಸಬಾರದು.

ಕೂರಿಸುವಾಗ ಮೊದಲ ಸುತ್ತುಗಳೆಲ್ಲ ಬೆರಳಿನಿಂದಲೇ ಆಗಬೇಕು. ತಡೆದರೆ ಹಿಂದಕ್ಕೆ ತಿರುಗಿಸಿ ಮತ್ತೆ ಆರಂಭಿಸಬೇಕೇ ಹೊರತು ಸ್ಪ್ಯಾನರಿನ ಬಲವನ್ನು ತೋರಕೂಡದು. ಓರೆಯಾಗಿ ಹೊಕ್ಕ ಪ್ಲಗ್ಗು ಹೆಡ್ಡಿನ ಸುತ್ತನ್ನು ಕೆಡಿಸಿದರೆ ಪ್ಲಗ್ಗಿನ ಬೆಲೆಯ ಹತ್ತಾರು ಪಾಲು ಖರ್ಚು ಬೀಳುತ್ತದೆ. ವಾಷರ್ ಉಳ್ಳ ಹೊಸ ಪ್ಲಗ್ಗಾದರೆ ಬೆರಳಿಗೆ ಬಿಗಿಯಾದ ಮೇಲೆ ಸುಮಾರು ಅರ್ಧ ಸುತ್ತು. ವಾಷರ್ ಇಲ್ಲದೆ ಬುಡವು ಶಂಕುವಿನಾಕಾರದ್ದಾದರೆ ಹದಿನಾರರಲ್ಲೊಂದು ಸುತ್ತು ಮಾತ್ರ. ತಿರುಪಿಗೆ ಎಣ್ಣೆ ಸವರುವ ಅಭ್ಯಾಸ ಬೇಡ. ಜಾರಿಕೆಯಿಂದ ಬಿಗಿತದ ಅಂದಾಜು ತಪ್ಪುತ್ತದೆ. ಟೋಪಿ ಅಥವಾ ಕಾಯಿಲನ್ನು ಪೂರ್ಣ ಒತ್ತಿ ಕೂರಿಸಿ, ಬ್ಯಾಟರಿಯನ್ನು ಜೋಡಿಸಿ ಯಂತ್ರವನ್ನು ಚಾಲೂ ಮಾಡಬೇಕು. ಸದ್ದು ಸಮವಾಗಿದ್ದರೆ, ಆ ದಿನದ ತಾರೀಖನ್ನೂ ಮೀಟರಿನ ಕಿಲೋಮೀಟರನ್ನೂ ಕಾಗದದ ಮೇಲೆ ಬರೆದು, ಹಳೆಯ ಪ್ಲಗ್ಗುಗಳನ್ನು ಅದೇ ಕ್ರಮದಲ್ಲಿ ಅದರಲ್ಲಿಯೇ ಸುತ್ತಿ, ಮುಂದಿನ ಪರೀಕ್ಷೆಯ ಹೋಲಿಕೆಗೆಂದು ತೆಗೆದಿಡಬೇಕು.